ನೆನಪಿಲ್ಲದ ನಲವತ್ತು ನಿಮಿಷ

ಧನ್ಯಾ ಫುಟ್‌ಬಾಲಿನಲ್ಲಿ ಡಿಫೆಂಡರ್ ಆದದ್ದು ತಾನಾಗಿ ಬಯಸಿ ಅಲ್ಲ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಮೂಡಿಗೆರೆಯ ಹೈಸ್ಕೂಲಿನ ದೈಹಿಕ ಶಿಕ್ಷಕ ಗಂಗಾಧರಪ್ಪ ಮೇಷ್ಟ್ರು ಒಂದು ಸಂಜೆ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ತಾವೇ ಚೆಂಡು ತೆಗೆದುಕೊಂಡು, ಒಬ್ಬೊಬ್ಬರ ಮುಂದೆಯೂ ಎಡಕ್ಕೆ ಹೋಗುವವರಂತೆ ಮೈ ಬಾಗಿಸಿ ಬಲಕ್ಕೆ ನುಗ್ಗಿದರು. ಎಲ್ಲರೂ ಎಡಕ್ಕೇ ಹಾರಿದರು. ಧನ್ಯಾ ಮಾತ್ರ ನಿಂತಲ್ಲೇ ನಿಂತಿದ್ದು, ಅವರು ಹತ್ತಿರ ಬಂದ ಮೇಲೆ ಕಾಲು ಚಾಚಿ ಚೆಂಡು ಕಿತ್ತುಕೊಂಡಳು.

"ನೀನ್ಯಾಕೆ ಆ ಕಡೆ ಹೋಗ್ಲಿಲ್ಲ?" ಮೇಷ್ಟ್ರು ಕೇಳಿದರು.

"ಚೆಂಡು ಆ ಕಡೆ ಹೋಗ್ಲಿಲ್ವಲ್ಲ ಸಾರ್."

ಅವತ್ತಿನಿಂದ ಅವಳು ಹಿಂದಿನ ಸಾಲಿಗೆ ಸೇರಿದಳು. ಬೇಸಿಗೆ ರಜೆಯಲ್ಲಿ ಬಾಳೂರಿನ ಸೋದರಮಾವನ ತೋಟಕ್ಕೆ ಹೋದರೆ, ಕಾಫಿ ಒಣಗಿಸುವ ಕಣ ಆ ಹೊತ್ತಿಗೆ ಖಾಲಿ ಇರುತ್ತಿತ್ತು. ತೋಟದ ಕೆಲಸದವರ ಮನೆಸಾಲಿನ, ಅಂದರೆ ಲೈನಿನ ಮಕ್ಕಳು, ಮಾವನ ಮಕ್ಕಳು ಸೇರಿ ಅಲ್ಲೇ ಆಡುತ್ತಿದ್ದರು. ಸಿಮೆಂಟಿನ ಮೇಲೆ ಜಾರಿ ಬಿದ್ದು ಚೆಂಡು ತೆಗೆಯಲು ಹೋದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಹಾಗಾಗಿ ಬೀಳದೆ ಆಡುವುದನ್ನು ಅವಳು ಕಲಿತಳು. ಎದುರಾಳಿಗಿಂತ ಒಂದು ಹೆಜ್ಜೆ ಮುಂಚೆ ಹೋಗಿ ನಿಂತಿದ್ದರೆ ಬೀಳುವ ಪ್ರಮೇಯವೇ ಬರುವುದಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಅವಳ ತಂದೆ ವಿಶ್ವನಾಥ್ ಅವರದು ಮೂಡಿಗೆರೆ ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಮಳೆ ಹಿಡಿಯುವ ಮುಂಚೆ ತೋಟದವರು ಮೈಲುತುತ್ತ, ಸುಣ್ಣ ಒಯ್ಯಲು ಅದರ ಮುಂದೆ ಜೀಪುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಆಟದ ವಿಷಯ ಅವರಿಗೆ ಅಷ್ಟಕ್ಕಷ್ಟೇ. ಮಗಳು ಪಂದ್ಯ ಮುಗಿಸಿ ಬಂದಾಗೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಎಷ್ಟು ಗೋಲ್ ಹೊಡ್ದೆ ಮಗಳೇ?"

"ನಾನು ಹೊಡೆಯೋಳಲ್ಲಪ್ಪ. ಅವ್ರು ಹೊಡೀದಂಗೆ ನೋಡ್ಕೊಳ್ಳೋಳು."

"ಅದು ಯಾರಿಗೆ ಕಾಣುತ್ತೆ?"

ಅವರು ತಮಾಷೆಗೆ ಕೇಳುತ್ತಿರಲಿಲ್ಲ. ಕಾಣದ ಕೆಲಸಕ್ಕೆ ಮಗಳು ಇಷ್ಟು ಮೈ ದಣಿಸಿಕೊಳ್ಳುತ್ತಾಳಲ್ಲ ಎಂಬ ಸಂಕಟ ಅವರದು. ಆದರೂ ಅವಳು ಚಿಕ್ಕಮಗಳೂರಿನ ಕ್ರೀಡಾ ಹಾಸ್ಟೆಲಿಗೆ ಸೇರುವ ದಿನ ಅಂಗಡಿ ಮುಚ್ಚಿ ಅವರೇ ಟ್ರಂಕು ಹೊತ್ತು ಬಿಟ್ಟುಬಂದರು.

ಆ ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚ ಅರ್ಪಿತಾಳದು. ಅರ್ಪಿತಾ ಕಳಸದವಳು, ಸಂಸ್ಕೃತದ ಮೇಷ್ಟ್ರು ಕೃಷ್ಣಯ್ಯನವರ ಮಗಳು. ಉದ್ದ ಕೈ, ಉದ್ದ ಕಾಲು, ಗೋಲ್‌ಕೀಪರ್. ಗೋಲ್‌ಕೀಪರ್ ಯಾಕಾದೆ ಎಂದು ಕೇಳಿದರೆ "ಓಡೋದಂದ್ರೆ ಬೇಜಾರು ಮಾರಾಯ್ತಿ" ಎನ್ನುತ್ತಿದ್ದಳು. ಮೈದಾನದ ಹೊರಗೆ ಮೆತ್ತಗೆ ಮಾತಾಡುವ ಹುಡುಗಿ ಗೋಲಿನ ಕಂಬಗಳ ನಡುವೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದಳು. "ಬಿಡು, ನಂದು!" "ಎಡಕ್ಕೆ, ಎಡಕ್ಕೆ!" "ಹಿಂದೆ ಒಬ್ಳಿದಾಳೆ!" ಎಂದು ಬೆಟ್ಟದ ಆಚೆಗೂ ಕೇಳುವಂತೆ ಕೂಗುತ್ತಿದ್ದಳು. ಹಿಂದಿನ ಸಾಲಿನ ನಡುವೆ ಆಡುವವಳಿಗೆ ತನ್ನ ಗೋಲ್‌ಕೀಪರ್ ಕಾಣುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ಧನ್ಯಾ ಆ ದನಿಯನ್ನು ನಂಬಿ ಆಡಿದಳು.

ಹತ್ತು ವರ್ಷ ಇಬ್ಬರೂ ಒಟ್ಟಿಗೇ ಆಡಿದರು. ಮೊದಲು ಬೆಂಗಳೂರಿನ ಒಂದು ಕ್ಲಬ್ಬಿಗೆ ಸೇರಿದರು. ಆ ಕ್ಲಬ್ಬು ಮೂರೇ ವರ್ಷಕ್ಕೆ ಹೆಂಗಸರ ತಂಡವನ್ನೇ ಮುಚ್ಚಿತು. ಆಮೇಲೆ ಒಡಿಶಾದ ಒಂದು ಕ್ಲಬ್ಬು ಇಬ್ಬರನ್ನೂ ಒಟ್ಟಿಗೆ ಕರೆಸಿಕೊಂಡಿತು. ದೇಶದ ದೊಡ್ಡ ಲೀಗಿನಲ್ಲಿ ಆಡುವ ತಂಡ ಅದು. ತಂಡದಲ್ಲಿ ಮಣಿಪುರದವರು, ಜಾರ್ಖಂಡಿನವರು, ಘಾನಾ ದೇಶದ ಒಬ್ಬಳು. ಎಲ್ಲರ ನಡುವೆ ಹಿಂದಿ. ಆದರೆ ಆ ಗೋಲಿನ ಮುಂದೆ ಮಾತ್ರ ಕನ್ನಡ ಕೇಳಿಸುತ್ತಿತ್ತು. ಎದುರು ತಂಡದವರಿಗೆ ಇವರಿಬ್ಬರ ಮಾತು ಅರ್ಥವಾಗದೆ ಗೊಂದಲವಾಗುತ್ತಿತ್ತು. ಅದನ್ನು ನೆನೆದು ಇಬ್ಬರೂ ಬಸ್ಸಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಧನ್ಯಾ ಹೆಸರು ಮಾಡಿದ ಆಟಗಾರ್ತಿಯಲ್ಲ. ಅವಳ ಆಟ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಎದುರಾಳಿಯ ಕಣ್ಣು, ಕಾಲು ನೋಡಬಾರದು, ಸೊಂಟ ನೋಡಬೇಕು, ಸೊಂಟ ಸುಳ್ಳು ಹೇಳುವುದಿಲ್ಲ ಎಂದು ಅವಳು ಕಿರಿಯರಿಗೆ ಹೇಳಿಕೊಡುತ್ತಿದ್ದಳು. ಇಡೀ ಪಂದ್ಯದಲ್ಲಿ ಎದುರಿನ ಸ್ಟ್ರೈಕರ್ "ಇವತ್ತು ಯಾಕೋ ನಂಗೆ ಚೆಂಡೇ ಸಿಗ್ಲಿಲ್ಲ" ಎಂದುಕೊಂಡು ಹೋದರೆ ಧನ್ಯಾಳ ಕೆಲಸ ಆಯಿತು ಎಂದೇ ಲೆಕ್ಕ. ಇಪ್ಪತ್ಮೂರನೇ ವಯಸ್ಸಿನಲ್ಲಿ ಒಮ್ಮೆ ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆ ಬಂದಿತ್ತು. ಹದಿನೆಂಟು ದಿನ ಇಟ್ಟುಕೊಂಡು, ತಂಡದ ಪಟ್ಟಿ ಓದುವ ಬೆಳಿಗ್ಗೆ ಅವಳ ಹೆಸರು ಬಿಟ್ಟರು. ಮತ್ತೊಮ್ಮೆ ಕರೆ ಬರುತ್ತದೆ ಎಂಬ ಆಸೆಯಲ್ಲೇ ಅವಳು ಮುಂದಿನ ಮೂರು ವರ್ಷ ಆಡಿದಳು.

ಇಪ್ಪತ್ತಾರನೇ ವಯಸ್ಸಿನಲ್ಲಿ ಆ ಕರೆ ಹತ್ತಿರ ಬಂದಿತ್ತು. ಲೀಗಿನ ಕೊನೆಯ ತಿಂಗಳು. ಶಿಬಿರದ ಆಯ್ಕೆಗಾರರು ಪ್ರತಿ ಪಂದ್ಯಕ್ಕೂ ಬಂದು ಕೂರುತ್ತಿದ್ದರು. ಒಂದು ಪಂದ್ಯದಲ್ಲಿ ಎದುರಿನವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಎತ್ತರಕ್ಕೆ ಬಂತು. ಅರ್ಪಿತಾ "ನಂದು!" ಎಂದು ಕೂಗಿ ಮುಷ್ಟಿ ಬೀಸಿ ಹಾರಿದಳು. ಜನರ ಗದ್ದಲದಲ್ಲಿ ಧನ್ಯಾಳಿಗೆ ಕೇಳಿಸಲಿಲ್ಲ. ಅವಳೂ ಹಾರಿದಳು. ಅರ್ಪಿತಾಳ ಮುಷ್ಟಿ ಚೆಂಡಿಗೆ ಬೀಳಲಿಲ್ಲ, ಧನ್ಯಾಳ ಕಿವಿಯ ಮೇಲ್ಭಾಗಕ್ಕೆ ಬಿತ್ತು.

ಎದ್ದು ಆಟ ಮುಗಿಸಿದಳು. ಮಾರನೆಯ ದಿನ ತಿಂಡಿ ತಿನ್ನುವಾಗ ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಬೆನ್ನು ತಿರುಗಿಸಿ ಕುಳಿತಳು. ಮೂರನೆಯ ದಿನ ಬಸ್ಸಿನಲ್ಲಿ "ನನ್ನ ಬೂಟು ಎಲ್ಲಿಟ್ಟೆ?" ಎಂದು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. ಮೂರನೇ ಸಲ ಕೇಳಿದಾಗ ಅರ್ಪಿತಾ ಅವಳ ಕೈ ಹಿಡಿದುಕೊಂಡಳು.

"ಧನ್ಯಾ, ಡಾಕ್ಟರಿಗೆ ಹೇಳಣ."

"ಎಂತ ಹೇಳೋದು? ಹೇಳಿದ್ರೆ ಕೂರಿಸ್ತಾರೆ. ಕ್ಯಾಂಪಿನ ಲಿಸ್ಟು ಬರೋವರೆಗೂ ಬಾಯಿ ಬಿಡ್ಬೇಡ ನೀನು. ನನ್ನ ಮೇಲೆ ಆಣೆ."

ಅರ್ಪಿತಾ ಬಾಯಿ ಬಿಡಲಿಲ್ಲ. ಮೂರು ವಾರ ಕಳೆಯಿತು. ತಂಡ ಫೈನಲ್ ತಲುಪಿತು.

ಫೈನಲಿನ ಬೆಳಿಗ್ಗೆ ತಿಂದ ಇಡ್ಲಿ ಧನ್ಯಾಳಿಗೆ ನೆನಪಿದೆ. ಮೊದಲರ್ಧ ನೆನಪಿದೆ. ಮೂವತ್ತನೇ ನಿಮಿಷಕ್ಕೆ ಘಾನಾದ ಗೆಳತಿ ಹೊಡೆದ ಗೋಲು ನೆನಪಿದೆ. ಐವತ್ತನೇ ನಿಮಿಷದ ಹೊತ್ತಿಗೆ ಎದುರಿನ ಸ್ಟ್ರೈಕರಿನ ತಲೆಯೂ ಅವಳ ತಲೆಯೂ ಗಾಳಿಯಲ್ಲಿ ಡಿಕ್ಕಿ ಹೊಡೆದವು. ಅಲ್ಲಿಂದ ಮುಂದೆ ಏನೂ ಇಲ್ಲ. ಅವಳು ಎದ್ದಳು. ತಂಡದ ಫಿಸಿಯೋ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಉಳಿದ ನಲವತ್ತು ನಿಮಿಷ ಆಡಿದಳು. ತಂಡ ಒಂದು ಗೋಲಿನಿಂದ ಗೆದ್ದಿತು. ಕಪ್ಪು ಎತ್ತಿ ಹಿಡಿದ ಫೋಟೋದಲ್ಲಿ ಅವಳೂ ನಗುತ್ತಿದ್ದಾಳೆ. ಅದೆಲ್ಲ ಅವಳಿಗೆ ಆಮೇಲೆ ಬೇರೆಯವರಿಂದ ಗೊತ್ತಾದದ್ದು.

ಸಂಜೆ ಬಸ್ಸು ಸ್ಟೇಡಿಯಮ್ಮಿನಿಂದ ಹೊರಟಿತ್ತು. ಎಲ್ಲರೂ ಹಾಡುತ್ತಿದ್ದರು. ಧನ್ಯಾ ಅರ್ಪಿತಾಳ ಕಡೆ ತಿರುಗಿ, "ಮ್ಯಾಚು ಎಷ್ಟೊತ್ತಿಗೆ ಶುರು?" ಎಂದು ಕೇಳಿದಳು. ಅವಳ ಕೊರಳಲ್ಲಿ ಪದಕ ಇತ್ತು.

ಅರ್ಪಿತಾ ಎದ್ದು ಬಸ್ಸಿನ ಮುಂದಕ್ಕೆ ಹೋಗಿ ತಂಡದ ಡಾಕ್ಟರ ಪಕ್ಕ ಕುಳಿತಳು. ಇವತ್ತಿನದನ್ನಷ್ಟೇ ಅಲ್ಲ, ಮೂರು ವಾರದ ಹಿಂದಿನದನ್ನೂ, ಬೂಟಿನ ಪ್ರಶ್ನೆಯನ್ನೂ, ಬೆಳಕಿಗೆ ಬೆನ್ನು ತಿರುಗಿಸಿ ಕೂತದ್ದನ್ನೂ ಒಂದೂ ಬಿಡದೆ ಹೇಳಿದಳು. ಬಸ್ಸು ಹೋಟೆಲಿಗೆ ಹೋಗದೆ ನೇರ ಆಸ್ಪತ್ರೆಗೆ ಹೋಯಿತು.

ಒಂದು ವಾರದ ನಂತರ ಬೆಂಗಳೂರಿನಲ್ಲಿ ನರರೋಗದ ತಜ್ಞೆಯೊಬ್ಬರು ಧನ್ಯಾಳಿಗೂ ಅವಳ ತಂದೆ ತಾಯಿಗೂ ನಿಧಾನವಾಗಿ ವಿವರಿಸಿದರು. ಮೊದಲ ಪೆಟ್ಟು ಮಾಯುವ ಮುಂಚೆಯೇ ಎರಡನೆಯದು ಬಿದ್ದಿದೆ. ಜೀವ ಉಳಿದದ್ದು ಅದೃಷ್ಟ. ಇನ್ನೊಂದು ಬಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳಲಾಗದು. ಆಟ ಇನ್ನು ಬೇಡ. ಅದೇ ವಾರ ಶಿಬಿರಕ್ಕೆ ಕರೆಯುವ ಪತ್ರ ಬಂತು. ಹತ್ತು ದಿನ ಬಿಟ್ಟು, ವೈದ್ಯರ ವರದಿ ನೋಡಿ ಕರೆಯನ್ನು ಹಿಂತೆಗೆದುಕೊಳ್ಳಲಾಗಿದೆ ಎಂಬ ಇನ್ನೊಂದು ಪತ್ರ.

ಧನ್ಯಾ ಅರ್ಪಿತಾಳಿಗೆ ಒಂದೇ ಮೆಸೇಜು ಕಳಿಸಿದಳು. "ನನ್ನ ಹೊಟ್ಟೆ ಮೇಲೆ ಹೊಡ್ದೆ ನೀನು. ಇನ್ನು ಫೋನ್ ಮಾಡ್ಬೇಡ."

*

ಮೂಡಿಗೆರೆಗೆ ಮರಳಿದ ಮೊದಲ ಆರು ತಿಂಗಳು ಅವಳು ಹೆಚ್ಚುಕಡಿಮೆ ಒಳಕೋಣೆಯಲ್ಲೇ ಇದ್ದಳು. ತಾಯಿ ಪ್ರೇಮಕುಮಾರಿ ಕಿಟಕಿಗೆ ದಪ್ಪ ಬಟ್ಟೆ ಹೊಲಿದು ಹಾಕಿದರು. ಮಿಕ್ಸಿಯ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಒರಳಲ್ಲೇ ಚಟ್ನಿ ರುಬ್ಬಿದರು. ಅಂಗಡಿಯಲ್ಲಿ ತಂದೆಗೆ ಸಹಾಯ ಮಾಡೋಣವೆಂದು ಒಂದು ದಿನ ಹೋದವಳು ಔಷಧಿಯ ವಾಸನೆಗೆ ಅರ್ಧ ಗಂಟೆಯೂ ಕೂರಲಾರದೆ ಬಂದಳು. ಪೇಟೆಯಲ್ಲಿ ಸಿಕ್ಕವರು "ಆಟ ಬಿಟ್ಟುಬಿಟ್ಯಂತಲ್ಲಮ್ಮ" ಎನ್ನುತ್ತಿದ್ದರು. ಬಿಟ್ಟದ್ದಲ್ಲ, ಬಿಡಿಸಿದ್ದು ಎಂದು ಹೇಳಬೇಕೆನಿಸುತ್ತಿತ್ತು. ಯಾರು ಬಿಡಿಸಿದರು ಎಂದು ಅವರು ಕೇಳಿಯಾರು ಎಂದು ಸುಮ್ಮನಾಗುತ್ತಿದ್ದಳು.

ತಲೆನೋವು ಕಡಿಮೆಯಾದ ಮೇಲೆ ಅವಳು ಫೈನಲಿನ ವಿಡಿಯೋ ನೋಡಲು ಶುರುಮಾಡಿದಳು. ಐವತ್ತನೇ ನಿಮಿಷದಿಂದ ಕೊನೆಯವರೆಗೆ. ಎಷ್ಟು ಸಲ ನೋಡಿದರೂ ತನ್ನನ್ನು ತಾನು ಪೂರ್ತಿ ಕಾಣಲಾಗಲಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಡಿಫೆಂಡರ್ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಚೆಂಡಿಲ್ಲದ ಕಡೆ ನಡೆಯುತ್ತದೆ. ಆಗೊಮ್ಮೆ ಈಗೊಮ್ಮೆ ಚಿತ್ರದ ಅಂಚಿನಲ್ಲಿ ನಾಲ್ಕನೇ ನಂಬರಿನ ಹುಡುಗಿಯೊಬ್ಬಳು ಬರುತ್ತಾಳೆ, ಚೆಂಡು ತೆಗೆಯುತ್ತಾಳೆ, ಮಾಯವಾಗುತ್ತಾಳೆ. ಅವಳು ಯಾರೋ ಬೇರೆಯವಳು ಎನಿಸುತ್ತಿತ್ತು. ಎಲ್ಲ ಪತ್ರಿಕೆಗಳೂ ಆ ಪಂದ್ಯದ ಮಟ್ಟಿಗೆ ಧನ್ಯಾಳ ಹೆಸರು ಬರೆದಿದ್ದವು. ಅವಳ ಬಾಳಿನ ಅತ್ಯುತ್ತಮ ಆಟ ಅದು ಎಂದು ಕೋಚ್ ಹೇಳಿದ್ದರು. ಆ ಆಟದ ನೆನಪಿಲ್ಲದವಳು ಅವಳೊಬ್ಬಳೇ.

ಒಂದು ವರ್ಷ ಕಳೆದ ಮೇಲೆ ಗಂಗಾಧರಪ್ಪ ಮೇಷ್ಟ್ರು ಮನೆಗೆ ಬಂದರು. ಅವರೀಗ ನಿವೃತ್ತರು. ಆದರೂ ತಾಲ್ಲೂಕಿನ ಹುಡುಗಿಯರನ್ನು ಸೇರಿಸಿ ಸಂಜೆ ಆಡಿಸುವುದನ್ನು ಬಿಟ್ಟಿರಲಿಲ್ಲ.

"ನನ್ನ ಮಂಡಿ ಹೋಯ್ತಮ್ಮ. ನಿಂತು ಸೀಟಿ ಊದೋದಷ್ಟೇ ಆಗೋದು. ನೀನು ಬಂದು ನಿಲ್ಲು."

"ನಂಗೆ ಆಗಲ್ಲ ಸಾರ್. ಮೈದಾನ ನೋಡಿದ್ರೆ ಸಿಟ್ಟು ಬರುತ್ತೆ."

"ಸಿಟ್ಟು ಇಟ್ಕೊಂಡೇ ಬಾ. ಹುಡುಗೀರಿಗೆ ಸ್ವಲ್ಪ ಸಿಟ್ಟಿನ ಕೋಚ್ ಇದ್ರೆ ಒಳ್ಳೇದೇ."

ಅವಳು ಹೋದಳು. ಇಪ್ಪತ್ತೆರಡು ಹುಡುಗಿಯರು. ಅರ್ಧಕ್ಕರ್ಧ ಎಸ್ಟೇಟಿನ ಲೈನಿನಿಂದ ಬರುವವರು, ಉಳಿದವರು ಪೇಟೆಯವರು. ಎದುರಾಳಿಯ ಮುಂದೆ ಹೇಗೆ ನಿಲ್ಲಬೇಕು, ಯಾವಾಗ ನುಗ್ಗಬೇಕು, ಯಾವಾಗ ಕಾಯಬೇಕು ಎಂದೆಲ್ಲ ಹೇಳಿಕೊಟ್ಟಳು. ಚೆಂಡಿಗೆ ತಲೆ ಕೊಡುವುದನ್ನು ಮಾತ್ರ ಹೇಳಿಕೊಡಲಿಲ್ಲ. ಹುಡುಗಿಯರು ಕೇಳಿದರೆ "ಅದು ಆಮೇಲೆ" ಎನ್ನುತ್ತಿದ್ದಳು.

*

ಅರ್ಪಿತಾ ಬಂದದ್ದು ಒಂದು ಮಾರ್ಚ್ ತಿಂಗಳ ಮಧ್ಯಾಹ್ನ, ಯಾರಿಗೂ ಹೇಳದೆ. ಆ ಹೊತ್ತಿಗೆ ಮೆಸೇಜು ಕಳಿಸಿ ಒಂದೂಮುಕ್ಕಾಲು ವರ್ಷವಾಗಿತ್ತು. ಕಳಸದಿಂದ ಹೊರಟು ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಪ್ರೇಮಕುಮಾರಿ ಬಾಗಿಲು ತೆರೆದರು.

"ಬಾಮ್ಮ ಒಳಗೆ. ಊಟ ಆಯ್ತಾ?"

"ಆಯ್ತು ಆಂಟಿ. ಧನ್ಯಾ ಇದಾಳಾ?"

ಧನ್ಯಾ ಒಳಗಿನಿಂದ ಬಂದಳು. ಗೆಳತಿಯನ್ನು ನೋಡಿ, ಚಪ್ಪಲಿ ಮೆಟ್ಟಿ, "ಪ್ರಾಕ್ಟೀಸಿಗೆ ಹೊತ್ತಾಯ್ತು" ಎಂದು ಹೊರಟಳು. ಹೊತ್ತಾಗಿರಲಿಲ್ಲ. ಅರ್ಪಿತಾ ಅವಳ ಹಿಂದೆಯೇ ನಡೆದಳು. ಇಬ್ಬರೂ ಪೇಟೆ ದಾಟಿ ಮೈದಾನಕ್ಕೆ ಬಂದು ಮೆಟ್ಟಿಲ ಮೇಲೆ ಕುಳಿತರು. ಮೈದಾನದಲ್ಲಿ ಇನ್ನೂ ಯಾರೂ ಇರಲಿಲ್ಲ.

"ಕ್ಯಾಂಪ್ ಹೆಂಗಿತ್ತು?" ಧನ್ಯಾ ಕೇಳಿದಳು. ಅರ್ಪಿತಾ ಈಗ ರಾಷ್ಟ್ರೀಯ ತಂಡದ ಎರಡನೇ ಗೋಲ್‌ಕೀಪರ್. ಅದನ್ನು ಧನ್ಯಾ ಪತ್ರಿಕೆಯಲ್ಲಿ ಓದಿದ್ದಳು. ಪ್ರಶ್ನೆಯಲ್ಲಿ ಮುಳ್ಳಿತ್ತು.

"ಚೆನ್ನಾಗಿತ್ತು" ಎಂದಳು ಅರ್ಪಿತಾ. "ನಾನು ಡಾಕ್ಟರಿಗೆ ಹೇಳಿದ್ದಕ್ಕೆ ಕ್ಷಮೆ ಕೇಳ್ಲಿಕ್ಕೆ ಬಂದಿಲ್ಲ ಧನ್ಯಾ. ಅದನ್ನ ಮತ್ತೆ ಹೇಳು ಅಂದ್ರೆ ಮತ್ತೆ ಹೇಳ್ತೀನಿ. ಅದಕ್ಕಿಂತ ಮುಂಚಿನದಕ್ಕೆ ಬಂದೆ."

"ಯಾವುದು?"

"ಮೂರು ವಾರ ಹೇಳ್ದೆ ಇದ್ದಿದ್ದು."

"ಅದು ನಾನೇ ಆಣೆ ಹಾಕ್ಸಿದ್ದಲ್ವಾ."

"ಆಣೆಗೆ ಹೆದರಿ ಸುಮ್ನಿದ್ದೆ ಅಂದ್ಕೊಂಡಿದೀಯ ನೀನು. ನಾನೂ ಹಂಗೇ ಅಂದ್ಕೊಂಡಿದ್ದೆ, ಸುಮಾರು ದಿನ. ಹಂಗಲ್ಲ ಮಾರಾಯ್ತಿ. ನೀನು ಮುಂದೆ ಇಲ್ದಿದ್ರೆ ಫೈನಲ್ ಗೆಲ್ಲಲ್ಲ ಅಂತ ನಂಗೆ ಗೊತ್ತಿತ್ತು. ನಂಗೆ ಆ ಕಪ್ಪು ಬೇಕಿತ್ತು."

ಅರ್ಪಿತಾ ಅಂಗೈ ಉಜ್ಜಿಕೊಳ್ಳುತ್ತ ಮುಂದುವರಿಸಿದಳು.

"ಇನ್ನೊಂದಿದೆ. ಎಪ್ಪತ್ತನೇ ನಿಮಿಷ ಇರ್ಬೇಕು. ಆ ಕಡೆ ಯಾರೋ ಬಿದ್ದಿದ್ರು, ಆಟ ನಿಂತಿತ್ತು. ನೀನು ನನ್ನ ಹತ್ರ ನಡ್ಕೊಂಡು ಬಂದೆ. ಕ್ಯಾಮೆರಾ ಎಲ್ಲ ಆ ಕಡೆ ಇತ್ತು, ಅದು ಯಾವ ವಿಡಿಯೋದಲ್ಲೂ ಇಲ್ಲ."

"ಬಂದು?"

"ನಾವು ಯಾವ ಕಡೆ ಹೊಡೀಬೇಕು ಅಂತ ಕೇಳ್ದೆ."

ಧನ್ಯಾ ತಿರುಗಿ ಅವಳ ಮುಖ ನೋಡಿದಳು.

"ನೀನೇನಂದೆ?"

"ಆ ಕಡೆ ಅಂತ ಕೈ ತೋರಿಸ್ದೆ. ಮುಂದೆ ನೋಡ್ಕೊಂಡು ಆಡು ಅಂದೆ." ಅರ್ಪಿತಾಳ ದನಿ ಒಡೆಯಿತು. "ರೆಫರಿ ಇಪ್ಪತ್ತು ಹೆಜ್ಜೆ ದೂರದಲ್ಲಿದ್ರು. ಕೈ ಎತ್ತಿದ್ರೆ ಸಾಕಿತ್ತು. ಎತ್ಲಿಲ್ಲ. ಇಪ್ಪತ್ತು ನಿಮಿಷ ನಿನ್ನ ಬೆನ್ನು ನೋಡ್ತಾ ನಿಂತಿದ್ದೆ. ಒಂದೊಂದು ಚೆಂಡು ಮೇಲೆ ಬಂದಾಗ್ಲೂ ಇವಳು ಹಾರದೇ ಇರ್ಲಿ ದೇವ್ರೇ ಅಂತಿದ್ದೆ. ಹಾರಿ ಚೆಂಡು ತೆಗೆದಾಗ ಸದ್ಯ ಅಂತಾನೂ ಅಂತಿದ್ದೆ. ಎರಡೂ."

ಮೈದಾನದ ಆಚೆ ಬದಿಯಲ್ಲಿ ಒಂದು ಜೀಪು ನಿಂತು, ಬಾಳೂರಿನ ಕಡೆಯ ಹುಡುಗಿಯರು ಇಳಿದರು. ಧನ್ಯಾಳಿಗೆ ಎದ್ದು ಹೋಗಬೇಕು ಎನಿಸಿತು. ಇವಳ ಕೆನ್ನೆಗೆ ಬಾರಿಸಬೇಕು ಎನಿಸಿತು. ಆದರೆ ಬಾಯಿಂದ ಬಂದ ಮಾತು ಬೇರೆಯೇ ಆಗಿತ್ತು. ಅದನ್ನು ಕೇಳಿ ಅವಳಿಗೇ ನಾಚಿಕೆಯಾಯಿತು.

"ನಾನು ಚೆನ್ನಾಗಿ ಆಡಿದ್ನಾ?"

ಅರ್ಪಿತಾ ಮುಖ ಒರೆಸಿಕೊಂಡಳು. ಆಮೇಲೆ ಹೇಳತೊಡಗಿದಳು. ಐವತ್ತೈದನೇ ನಿಮಿಷದಲ್ಲಿ ಎಡಗಡೆಯ ಹುಡುಗಿ ಮುಂದೆ ಹೋಗಿ ಬಿಟ್ಟ ಜಾಗವನ್ನು ಧನ್ಯಾ ಹೇಗೆ ಮೊದಲೇ ಹೋಗಿ ಮುಚ್ಚಿದ್ದಳು, ಎದುರಿನ ಕ್ಯಾಪ್ಟನ್ ಆ ಕಡೆ ಚೆಂಡು ಕೊಡಲು ಕಾಲೆತ್ತಿ ಮತ್ತೆ ಇಳಿಸಿದ್ದು. ಅರವತ್ತನಾಲ್ಕರಲ್ಲಿ ಇಬ್ಬರು ಒಟ್ಟಿಗೆ ನುಗ್ಗಿ ಬಂದಾಗ ಧನ್ಯಾ ಇಬ್ಬರ ನಡುವೆ ಹಿಂದಕ್ಕೆ ಸರಿಯುತ್ತ, ಸರಿಯುತ್ತ, ಅವರಾಗಿ ಗೊಂದಲಗೊಂಡು ಚೆಂಡು ಕಳೆದುಕೊಂಡದ್ದು. ಎಂಬತ್ತೆಂಟರಲ್ಲಿ ಅರ್ಪಿತಾ ಮುಂದೆ ಬಂದು ಬಿದ್ದಾಗ ಖಾಲಿ ಗೋಲಿನ ಗೆರೆಯ ಮೇಲೆ ನಿಂತು ಎಡಗಾಲಿನಿಂದ ಚೆಂಡು ಹೊರಗೆ ಕಳಿಸಿದ್ದು. ವಿಡಿಯೋದಲ್ಲಿ ಆ ಕೊನೆಯದೊಂದೇ ಪೂರ್ತಿ ಇತ್ತು. ಉಳಿದದ್ದನ್ನು ಹಿಂದಿನಿಂದ ನೋಡಿದವಳು ಅರ್ಪಿತಾ ಒಬ್ಬಳೇ.

"ಹತ್ತು ವರ್ಷ ನಿನ್ನ ಹಿಂದೆ ನಿಂತಿದೀನಿ. ಅಷ್ಟು ಚೆನ್ನಾಗಿ ನೀನು ಯಾವತ್ತೂ ಆಡಿಲ್ಲ" ಎಂದಳು ಅರ್ಪಿತಾ.

ಧನ್ಯಾ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ನೆನಪು ಬರಲಿಲ್ಲ. ಆದರೆ ಆ ನಾಲ್ಕನೇ ನಂಬರಿನ ಹುಡುಗಿಯ ಕಾಲು ಎಲ್ಲೆಲ್ಲಿ ಇತ್ತು ಎಂಬುದು ಈಗ ಗೊತ್ತಾಯಿತು. ಅಲ್ಲೆಲ್ಲ ತಾನೂ ಹಾಗೇ ನಿಲ್ಲುತ್ತಿದ್ದೆ ಎನಿಸಿತು.

ಹುಡುಗಿಯರು ಅರ್ಪಿತಾಳನ್ನು ಗುರುತು ಹಿಡಿದು ಓಡಿಬಂದರು. ಫೋಟೋ, ಸಹಿ, ನಗು. ಧನ್ಯಾ ಎದ್ದು ಸೀಟಿ ಕೊರಳಿಗೆ ಹಾಕಿಕೊಂಡಳು.

"ನಾಲ್ಕೂವರೆಗೆ ಬಸ್ಸಿದೆ ನಿಂಗೆ" ಎಂದಳು.

"ಧನ್ಯಾ..."

"ಈಗ ಹೋಗು ಮಾರಾಯ್ತಿ. ನಂಗೆ ಈಗ ಏನೂ ಹೇಳಕ್ಕಾಗಲ್ಲ."

ಅರ್ಪಿತಾ ಹೋದಳು. ಪ್ರಾಕ್ಟೀಸು ಮುಗಿಸಿ ಮನೆಗೆ ಬಂದ ಧನ್ಯಾ, ತಂದೆ ಅಂಗಡಿ ಮುಚ್ಚಿ ಬಂದು ಕಾಫಿ ಕುಡಿಯುತ್ತಿದ್ದಾಗ ನಡೆದದ್ದನ್ನೆಲ್ಲ ಹೇಳಿದಳು. ತಂದೆ ಅರ್ಪಿತಾಳನ್ನು ಬೈಯಬಹುದು, ಆಗ ತನಗೂ ಸಮಾಧಾನವಾದೀತು ಎಂದು ಅವಳ ಮನಸ್ಸಿನಲ್ಲಿತ್ತು. ವಿಶ್ವನಾಥ್ ಲೋಟ ಕೆಳಗಿಟ್ಟರು.

"ನಂಗೂ ಗೊತ್ತಾಗಿತ್ತು ಮಗಳೇ" ಎಂದರು.

"ಏನು?"

"ಅಂಗಡೀಲಿ ಫೋನಲ್ಲಿ ನೋಡ್ತಿದ್ದೆ. ಬಿದ್ದಾಗ ನಿನ್ನ ಜಡೆ ಬಿಚ್ಚಿತ್ತು. ನೀನು ಒಂದು ಕೂದ್ಲು ಮುಖಕ್ಕೆ ಬಂದ್ರೂ ನಿಂತು ಕಟ್ಕೊಳ್ಳೋಳು. ಅವತ್ತು ಹಂಗೇ ಬಿಟ್ಕೊಂಡು ಓಡಾಡ್ತಿದ್ದೆ. ಏನೋ ಆಗಿದೆ ಅಂತ ಅನ್ನಿಸ್ತು. ಆದ್ರೆ ಅಂಗಡಿ ತುಂಬ ಜನ, ಎಲ್ರೂ ನಿನ್ನ ಹೆಸರು ಹೇಳ್ತಿದ್ರು. ಮೊದಲ್ನೇ ಸಲ ನಿನ್ನ ಆಟ ಎಲ್ರಿಗೂ ಕಂಡಿತ್ತು. ಕೋಚಿಗೆ ಫೋನ್ ಮಾಡೋಕೆ ನಂಬರಿತ್ತು ನನ್ ಹತ್ರ. ಮಾಡ್ಲಿಲ್ಲ. ಗೆದ್ದ ಮೇಲೆ ಸ್ವೀಟು ತರಿಸಿ ಹಂಚ್ದೆ."

ಅವರು ಅಳುತ್ತಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಿರಾಕಿಗೆ ಸಾಮಾನು ಇಲ್ಲವೆಂದು ಹೇಳುವಾಗಿನ ಹಾಗೆ ತಲೆ ತಗ್ಗಿಸಿ ಕುಳಿತಿದ್ದರು. ಧನ್ಯಾ ಅವರ ಪಕ್ಕಕ್ಕೆ ಹೋಗಿ ಕುಳಿತಳು. ಒಂದೂಮುಕ್ಕಾಲು ವರ್ಷ ಅವಳು ಒಬ್ಬಳ ಮೇಲೆ ಇಡೀ ಭಾರ ಹೊರಿಸಿದ್ದಳು. ಈಗ ನೋಡಿದರೆ ಆ ಪಂದ್ಯವನ್ನು ಎಲ್ಲರೂ ಸೇರಿ ಗೆಲ್ಲಲು ಹೊರಟಿದ್ದರು. ಎಲ್ಲರಿಗಿಂತ ಮೊದಲು ಅವಳೇ ಹೊರಟಿದ್ದಳು.

*

ಮುಂದಿನ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಟೂರ್ನಿ ನಡೆಯಿತು. ಮೂಡಿಗೆರೆಯ ಹುಡುಗಿಯರು ಸೆಮಿಫೈನಲ್ ತಲುಪಿದರು. ತಂಡದ ಬೆನ್ನೆಲುಬು ಶಿಲ್ಪಾ, ಬಾಳೂರಿನ ಎಸ್ಟೇಟ್ ಲೈನಿನ ಹುಡುಗಿ, ಹದಿನಾರು ವರ್ಷ. ಬೆಂಗಳೂರಿನ ಒಂದು ಅಕಾಡೆಮಿಯವರು ಅವಳನ್ನು ನೋಡಲೆಂದೇ ಬಂದು ಕುಳಿತಿದ್ದರು. ಪಂದ್ಯ ಸಮನಾಗಿತ್ತು. ಇನ್ನು ಹದಿನೈದು ನಿಮಿಷ ಇದ್ದಾಗ ಎತ್ತರದ ಚೆಂಡಿಗೆ ಹಾರಿದ ಶಿಲ್ಪಾ ಎದುರಾಳಿಯ ಭುಜಕ್ಕೆ ತಲೆ ಬಡಿದು ಬಿದ್ದಳು. ಎರಡು ಕ್ಷಣ ಅಲುಗಾಡಲಿಲ್ಲ. ಆಮೇಲೆ ಎದ್ದು ಮೈ ಕೊಡವಿಕೊಂಡಳು.

ಧನ್ಯಾ ಓಡಿಹೋದಳು. "ಇವತ್ತು ಯಾವ ವಾರ?"

"ಶನಿವಾರ ಅಕ್ಕ. ಏನೂ ಆಗಿಲ್ಲ ಅಕ್ಕ."

"ಬೆಳಿಗ್ಗೆ ಏನು ತಿಂದ್ವಿ?"

"ಪಲಾವು. ನಿಜವಾಗ್ಲೂ ಏನೂ ಆಗಿಲ್ಲ. ನಾನು ಆಡ್ತೀನಿ."

ಎಲ್ಲ ಉತ್ತರಗಳೂ ಸರಿಯಾಗಿದ್ದವು. ಧನ್ಯಾ ಅವಳ ಕಣ್ಣು ನೋಡಿದಳು. ಅಲ್ಲೂ ಏನೂ ಕಾಣಲಿಲ್ಲ. ಆದರೂ ರೆಫರಿಗೆ ಕೈ ಎತ್ತಿದಳು.

ಶಿಲ್ಪಾ ಹೊರಗೆ ಬರಲು ಒಪ್ಪಲಿಲ್ಲ. ಧನ್ಯಾ ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು. ಹತ್ತು ನಿಮಿಷಕ್ಕೆ ಅವಳಿಲ್ಲದ ಜಾಗದಲ್ಲೇ ಎದುರಿನವರು ನುಗ್ಗಿ ಗೋಲು ಹೊಡೆದರು. ಮೂಡಿಗೆರೆ ಸೋತಿತು. ಅಕಾಡೆಮಿಯವರು ಕೊನೆಯವರೆಗೂ ಕಾಯದೆ ಎದ್ದು ಹೋದರು. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಈ ಹುಡುಗಿಗೆ ಏನೂ ಆಗಿಲ್ಲ" ಎಂದರು.

"ನೋಡಿ!" ಶಿಲ್ಪಾ ಆಸ್ಪತ್ರೆಯ ಬಾಗಿಲಲ್ಲೇ ಅತ್ತಳು. "ಡಾಕ್ಟ್ರೇ ಹೇಳಿದ್ರಲ್ಲ. ನೀವು ಸುಮ್ಸುಮ್ನೆ ಹೊರಗೆ ಕೂರಿಸಿದ್ರಿ. ನಿಮ್ಗೆ ಆಗಿದ್ದು ಎಲ್ರಿಗೂ ಆಗುತ್ತಾ?"

ಧನ್ಯಾ ಅವಳ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು. ಶಿಲ್ಪಾ ಒಂದು ವಾರ ಪ್ರಾಕ್ಟೀಸಿಗೆ ಬರಲಿಲ್ಲ.

ಎಂಟನೆಯ ದಿನ ಅವಳ ತಾಯಿ ರುಕ್ಮಿಣಮ್ಮ ಮಗಳನ್ನು ಕರೆದುಕೊಂಡು ಮೈದಾನಕ್ಕೆ ಬಂದರು. ಕಾಫಿ ಹಣ್ಣು ಕೊಯ್ಯುವ ಕಾಲ, ತೋಟದ ಕೆಲಸ ಮುಗಿಸಿ ನೇರ ಬಂದಿದ್ದರು.

"ಮನೇಲಿ ಕೂತ್ಕೊಂಡು ನನ್ನ ತಲೆ ತಿಂತಾಳೆ ಮೇಡಂ. ನೀವೇ ಇಟ್ಕೊಳ್ಳಿ."

"ಸಿಟ್ಟು ಇಳೀತಾ?" ಧನ್ಯಾ ಶಿಲ್ಪಾಳನ್ನು ಕೇಳಿದಳು.

"ಇಲ್ಲ" ಎಂದಳು ಶಿಲ್ಪಾ.

"ಸರಿ. ಹೋಗಿ ಓಡು, ನಾಲ್ಕು ಸುತ್ತು."

ಹುಡುಗಿ ಓಡಲು ಹೋದ ಮೇಲೆ ಧನ್ಯಾ ಮೆಟ್ಟಿಲ ಮೇಲೆ ಕುಳಿತು ಫೋನು ತೆಗೆದಳು. ಅರ್ಪಿತಾಳ ನಂಬರು ಒತ್ತಿದಳು. ಆ ಕಡೆ ಎರಡನೇ ರಿಂಗಿಗೇ ಎತ್ತಿದಳು.

ಧನ್ಯಾ ಹೇಗಿದ್ದೀಯ ಎಂದೆಲ್ಲ ಕೇಳಲಿಲ್ಲ. ಸೆಮಿಫೈನಲಿನ ಕತೆ ಹೇಳಿದಳು. ಶಿಲ್ಪಾ ಬಿದ್ದದ್ದು, ಎಳೆದು ತಂದದ್ದು, ಸೋತದ್ದು.

"ಡಾಕ್ಟರು ಎಂತ ಹೇಳಿದ್ರು?" ಅರ್ಪಿತಾ ಕೇಳಿದಳು.

"ಏನೂ ಆಗಿಲ್ಲ ಅಂದ್ರು. ಆಡಬಹುದಿತ್ತು ಅವಳು. ಗೆಲ್ತಾನೂ ಇದ್ವೇನೋ."

"ಹಂಗಾದ್ರೆ?"

ಧನ್ಯಾ ಮೈದಾನದ ಕಡೆ ನೋಡಿದಳು. ಶಿಲ್ಪಾ ಎರಡನೇ ಸುತ್ತು ಮುಗಿಸಿ ಮೂರನೆಯದಕ್ಕೆ ತಿರುಗುತ್ತಿದ್ದಳು. ಓಟದಲ್ಲಿ ಸಿಟ್ಟು ಇನ್ನೂ ಇತ್ತು, ಕಾಲು ನೆಲಕ್ಕೆ ಜೋರಾಗಿ ಬೀಳುತ್ತಿತ್ತು.

"ಹಂಗಾದ್ರೂ ಅಷ್ಟೇ ಕಣೇ. ಮತ್ತೆ ಬಿದ್ರೆ ಮತ್ತೆ ಎಳ್ಕೊಂಡೇ ಬರ್ತೀನಿ" ಎಂದಳು. ಆಮೇಲೆ, "ಇವಳಿಗೆ ಹೆಡ್ ಮಾಡೋದು ಸರಿಯಾಗಿ ಗೊತ್ತಿಲ್ಲ. ಕತ್ತು ಸಡಿಲ ಬಿಡ್ತಾಳೆ, ಪೆಟ್ಟೆಲ್ಲ ತಲೆಗೇ ಹೋಗುತ್ತೆ. ನಾನೇ ಹೇಳ್ಕೊಟ್ಟಿಲ್ಲ, ಹೆದರ್ಕೊಂಡು. ಹೇಳಿಕೊಡ್ದೆ ಇದ್ದಿದ್ದು ತಪ್ಪಾಯ್ತು. ಚೆಂಡು ಎಸೆಯೋಕೆ ಒಬ್ರು ಬೇಕು. ಮೆತ್ತಗೆ ಎಸೆಯೋರು."

"ಯಾವತ್ತು ಬರ್ಲಿ?"

"ಭಾನುವಾರ ಬೆಳಿಗ್ಗೆ. ಕೊಟ್ಟಿಗೆಹಾರದಿಂದ ಎಂಟಕ್ಕೊಂದು ಬಸ್ಸಿದೆ."

"ಗೊತ್ತು" ಎಂದಳು ಅರ್ಪಿತಾ.

ಭಾನುವಾರ ಅವಳು ಬಂದಳು. ಆ ದಿನ ಇಬ್ಬರೂ ಹಳೆಯದನ್ನೇನೂ ಮಾತಾಡಲಿಲ್ಲ. ಅರ್ಪಿತಾ ಹತ್ತು ಹೆಜ್ಜೆ ದೂರದಿಂದ ಮೆದು ಚೆಂಡನ್ನು ಒಂದೊಂದಾಗಿ ಎಸೆದಳು. ಧನ್ಯಾ ಶಿಲ್ಪಾಳ ಹಿಂದೆ ನಿಂತು, ಎರಡು ಬೆರಳನ್ನು ಅವಳ ಕತ್ತಿನ ಮೇಲಿಟ್ಟು, ಅಲ್ಲಿಯ ಸ್ನಾಯು ಬಿಗಿಯಾಗುವುದನ್ನು ಪ್ರತಿ ಸಲವೂ ಮುಟ್ಟಿ ನೋಡಿ, "ಈಗ" ಎಂದಳು.